ಸಕ್ಕರೆಗೆ ಹತ್ತು ವರ್ಷ ಸಜೆ

ಆ ಫೋಟೋ ನೀವು ನೋಡೇ ಇರುತ್ತೀರಿ. ಮೇಜಿನ ಮೇಲೆ ಕೆಮ್ಮಿನ ಸಿರಪ್ ಬಾಟಲಿಗಳು ದಸರೆ ಗೊಂಬೆಗಳ ಹಾಗೆ ಸಾಲಾಗಿ ಕೂತಿರುತ್ತವೆ. ಹಿಂದೆ ಎಂಟು ಜನ ಪೊಲೀಸರು, ಅವರ ಮಧ್ಯೆ ಮುಖಕ್ಕೆ ಕರವಸ್ತ್ರ ಕಟ್ಟಿಸಿಕೊಂಡ ಇಬ್ಬರು ಹುಡುಗರು. ಎಂಟರಲ್ಲಿ ಒಬ್ಬರು ಬಾಟಲಿಯ ಲೇಬಲ್ಲನ್ನು ಕ್ಯಾಮೆರಾ ಕಡೆ ತಿರುಗಿಸುತ್ತಿರುವಾಗಲೇ ಕ್ಲಿಕ್ ಆಗಿರುತ್ತದೆ. ಜೂನ್ 26 ಹತ್ತಿರ ಬಂತೆಂದರೆ ಈ ಫೋಟೋಗಳ ಇಳುವರಿ ಜಾಸ್ತಿ. ಅವತ್ತು ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ. ಶಾಲೆ ಮಕ್ಕಳು ಬಿಸಿಲಲ್ಲಿ ನಿಂತು ಪ್ರತಿಜ್ಞೆ ಮಾಡಬೇಕು, ಬಾಟಲಿಗಳು ಮೇಜಿನ ಮೇಲೆ ನಿಲ್ಲಬೇಕು.

ಬಾಟಲಿಯೊಳಗೆ ಏನಿದೆ ಎಂಬುದು ಲೇಬಲ್ಲಿನಲ್ಲೇ ಇದೆ. ಕೊಡೀನ್ ಎಂದರೆ ಅಫೀಮಿನ ವಂಶದ್ದು, ಕೆಮ್ಮು ತಡೆಯುತ್ತದೆ, ಹೆಚ್ಚು ಕುಡಿದರೆ ಅಮಲೇರಿಸುತ್ತದೆ. ಮಾಮೂಲಿ ಕೊಡೀನ್ ಸಿರಪ್ಪಿನಲ್ಲಿ 5 ಮಿಲೀಗೆ 10 ಮಿಲಿಗ್ರಾಂ ಕೊಡೀನ್. 100 ಮಿಲೀ ಬಾಟಲಿಗೆ 200 ಮಿಲಿಗ್ರಾಂ. ಚಿಟಿಕೆ ಉಪ್ಪಿನಷ್ಟೂ ಇಲ್ಲ. ಅಲರ್ಜಿಗೆ ಕೊಡುವ ಇನ್ನೊಂದು ಔಷಧಿ ಅದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಸಕ್ಕರೆ ಪಾಕ, ಬಣ್ಣ, ಪರಿಮಳ.

ಈಗ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯ ತಕ್ಕಡಿಗೆ ಬನ್ನಿ. 2001ರ ತಿದ್ದುಪಡಿಯ ನಂತರ ಶಿಕ್ಷೆ ತೂಕದ ಮೇಲೆ. ಕೊಡೀನ್‌ಗೆ 10 ಗ್ರಾಂವರೆಗೆ ‘ಅಲ್ಪ ಪ್ರಮಾಣ’, ಹೆಚ್ಚೆಂದರೆ ಒಂದು ವರ್ಷ ಜೈಲು. ಒಂದು ಕೆಜಿ ದಾಟಿದರೆ ‘ವಾಣಿಜ್ಯ ಪ್ರಮಾಣ’, ಕಡಿಮೆಯೆಂದರೆ ಹತ್ತು ವರ್ಷ, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ನಡುವಿನವರಿಗೆ ಹತ್ತು ವರ್ಷದವರೆಗೆ ಎಷ್ಟಾದರೂ ಆಗಬಹುದು. ಇಲ್ಲಿಯವರೆಗೆ ಸರಿ. ತೂಗುವುದು ಏನನ್ನು? 2008ರಲ್ಲಿ ಸುಪ್ರೀಂ ಕೋರ್ಟ್ ‘ಮಾದಕ ವಸ್ತುವನ್ನು ಮಾತ್ರ’ ಎಂದಿತ್ತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ‘ಬೆರಕೆ ಸಮೇತ’ ಎಂದಿತು.

ಹಾಗಾಗಿ ಲೆಕ್ಕ ಹೀಗೆ. ಹತ್ತು ಬಾಟಲಿಯಲ್ಲಿರುವ ಕೊಡೀನ್ ಎರಡು ಗ್ರಾಂ. ಅದನ್ನಷ್ಟೇ ತೂಗಿದರೆ ಅಲ್ಪ ಪ್ರಮಾಣದ ಐದನೇ ಒಂದು ಪಾಲು. ಪಾಕದ ಸಮೇತ ತೂಗಿದರೆ ಕೆಜಿ ದಾಟುತ್ತದೆ, ಯಾಕೆಂದರೆ ಸಕ್ಕರೆ ಪಾಕ ನೀರಿಗಿಂತ ಭಾರ. ಹುಡುಗ ಹತ್ತು ವರ್ಷ ಒಳಗೆ. ಶುದ್ಧ ಕೊಡೀನ್ ಲೆಕ್ಕದಲ್ಲಿ ಅವನು ಅದೇ ಶಿಕ್ಷೆಗೆ ಅರ್ಹನಾಗಬೇಕಾದರೆ ಐದು ಸಾವಿರಕ್ಕಿಂತ ಹೆಚ್ಚು ಬಾಟಲಿ ಹೊರಬೇಕಿತ್ತು. ಅಷ್ಟಕ್ಕೆ ಬೈಕ್ ಸಾಲದು, ಲಾರಿಯೇ ಬೇಕು. ಎರಡು ಗ್ರಾಮಿನ ಅಪರಾಧ ಅವನದು, ಮಿಕ್ಕ ಶಿಕ್ಷೆಯೆಲ್ಲ ಸಕ್ಕರೆಯದು. ಗಾಜಿನ ತೂಕವನ್ನು ಇನ್ನೂ ಸೇರಿಸಿಲ್ಲ, ಅದೊಂದು ದೊಡ್ಡ ಮನಸ್ಸು.

ಇನ್ನೂ ಚೆಂದದ್ದು ಕೆಳಗಿನ ತುದಿಯಲ್ಲಿದೆ. ದೊಡ್ಡವರಿಗೆ ಡಾಕ್ಟರು ಬರೆಯುವ ಡೋಸು ಎರಡು ಚಮಚ, ಅಂದರೆ 10 ಮಿಲೀ. ಅದರ ತೂಕವೇ 10 ಗ್ರಾಂ ಮೀರುತ್ತದೆ. ಚೀಟಿ ಇಲ್ಲದವನ ಕೈಯಲ್ಲಿ ಒಂದು ಹೊತ್ತಿನ ಕೆಮ್ಮೇ ‘ಅಲ್ಪ’ದ ಗೆರೆ ದಾಟಿತು. ಇದೇ ಕಾಯ್ದೆಯ 64ಎ ಸೆಕ್ಷನ್ ವ್ಯಸನಿಗಳ ಮೇಲೆ ಬಹಳ ಕರುಣೆ ಇಟ್ಟುಕೊಂಡಿದೆ: ಸೇವನೆಯ ಕೇಸಾದರೆ, ಇಲ್ಲವೇ ಸಿಕ್ಕ ಮಾಲು ಅಲ್ಪ ಪ್ರಮಾಣದ್ದಾದರೆ, ತಾನಾಗಿ ಚಿಕಿತ್ಸೆಗೆ ಹೋಗುತ್ತೇನೆಂದವನಿಗೆ ವಿಚಾರಣೆಯಿಂದ ವಿನಾಯಿತಿ. ಚಟದವನು ಜೇಬಿನಲ್ಲಿ ಎರಡು ಚಮಚಕ್ಕಿಂತ ಕಡಿಮೆ ಸಿರಪ್ ಇಟ್ಟುಕೊಂಡು ಓಡಾಡಬೇಕು, ಅಷ್ಟೆ.

ಪೀಠದ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೀದಿಯಲ್ಲಿ ಹೆರಾಯಿನ್ ಶುದ್ಧವಾಗಿ ಸಿಗುವುದಿಲ್ಲ, ಬೆರಕೆ ಮಾಡಿಯೇ ಮಾರುತ್ತಾರೆ, ಆ ಬೆರಕೆಯೇ ಎಷ್ಟೋ ಸಲ ಕೊಲ್ಲುತ್ತದೆ. ಆದರೆ ಹೆರಾಯಿನ್‌ಗೆ ಹೊಲಿದ ಅಂಗಿಯನ್ನು ಕೆಮ್ಮಿನ ಸಿರಪ್ಪಿಗೆ ತೊಡಿಸಿದರೆ ತೋಳು ನೆಲಕ್ಕೆ ತಾಗುತ್ತದೆ. ನಿದ್ದೆ ಮಾತ್ರೆಗೂ ಅದೇ ಅಂಗಿ. ಆಲ್ಪ್ರಜೋಲಾಮ್‌ನ ವಾಣಿಜ್ಯ ಪ್ರಮಾಣ 100 ಗ್ರಾಂ. 0.5 ಮಿಲಿಗ್ರಾಮಿನ ಮಾತ್ರೆ ಒಂದೊಂದೂ 100 ಮಿಲಿಗ್ರಾಂ ತೂಗುತ್ತದೆ ಎಂದುಕೊಳ್ಳಿ; ಸಾವಿರ ಮಾತ್ರೆ ದಾಟಿದರೆ ಹತ್ತು ವರ್ಷ. ಅದರಲ್ಲಿ ಔಷಧಿ ಅರ್ಧ ಗ್ರಾಂ, ಉಳಿದ 99.5 ಗ್ರಾಂ ಲ್ಯಾಕ್ಟೋಸು, ಸ್ಟಾರ್ಚು. ಅದೇ ತೂಕದ ಮಾತ್ರೆಯಲ್ಲಿ 1 ಮಿಲಿಗ್ರಾಂ ಔಷಧಿ ತುಂಬಿದರೆ? ಅಷ್ಟೇ ಶಿಕ್ಷೆಗೆ ದುಪ್ಪಟ್ಟು ಮಾಲು ಸಾಗಿಸಬಹುದು. ದಂಧೆಯವರಿಗೆ ಕಾನೂನೇ ಕೊಟ್ಟಿರುವ ಕಿವಿಮಾತು: ಗಟ್ಟಿ ಮಾಲು ತನ್ನಿ, ಹಿಟ್ಟು ಹೊರಬೇಡಿ.

ಇಷ್ಟೆಲ್ಲ ಆ ಬಾಟಲಿ ಅಂಗಡಿಯಿಂದ ಹೊರಗೆ ಬಂದಮೇಲಿನ ಕಥೆ. ಹೊರಗೆ ಬಂದದ್ದು ಹೇಗೆ ಎಂದು ಕೇಳುವುದು ಅಸಭ್ಯತನ. ಆದರೂ ಕೇಳೋಣ.

1945ರ ಔಷಧ ನಿಯಮಗಳಲ್ಲಿ 65ನೇ ನಿಯಮ ಎಂಬುದೊಂದಿದೆ, ಬಹಳ ಶಿಸ್ತಿನ ಮನುಷ್ಯರು ಬರೆದದ್ದು. ಚೀಟಿಯ ಮೇಲೆ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು, ವಿಳಾಸ, ಒಟ್ಟು ಎಷ್ಟು ಕೊಡಬೇಕು, ಡೋಸೆಷ್ಟು, ಎಲ್ಲ ಇರಬೇಕು. ಮತ್ತೆ ಕೊಡಬಹುದೆಂದು ಡಾಕ್ಟರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟಮೇಲೆ ಅಂಗಡಿಯವರು ಸಹಿಯ ಮೇಲ್ಭಾಗದಲ್ಲಿ ತಮ್ಮ ಹೆಸರು, ವಿಳಾಸ, ತಾರೀಖು ನಮೂದಿಸಬೇಕು. ಬಸ್ಸಿನ ಟಿಕೆಟ್ಟಿಗೆ ಕಂಡಕ್ಟರು ತೂತು ಹೊಡೆಯುತ್ತಿದ್ದರಲ್ಲ, ಹಾಗೆ. ಅದೇ ಟಿಕೆಟ್ ಹಿಡಿದು ಮುಂದಿನ ಬಸ್ ಹತ್ತುವ ಹಾಗಿಲ್ಲ. ಈ ತೂತನ್ನು ಹೊಡೆಯುವವರು ಎಲ್ಲಿದ್ದಾರೆ? ನಿಮ್ಮ ಮನೆಯ ಡ್ರಾಯರ್‌ನಲ್ಲಿರುವ ಹಳೆಯ ಚೀಟಿಗಳನ್ನು ತೆಗೆದು ನೋಡಿ. ಮೆಡಿಕಲ್ ಶಾಪಿನ ಸೀಲು ಬಿದ್ದಿರುವುದು ಒಂದಾದರೂ ಸಿಕ್ಕಿದರೆ ಫ್ರೇಮ್ ಹಾಕಿಸಬಹುದು. ಈಗಂತೂ ಚೀಟಿಯೂ ಬೇಡ, ಚೀಟಿಯ ವಾಟ್ಸಾಪ್ ಫೋಟೋ ಸಾಕು. ಫೋಟೋಗೆ ಸೀಲು ಎಲ್ಲಿ ಒತ್ತುತ್ತೀರಿ, ಸ್ಕ್ರೀನಿನ ಮೇಲಾ? ಒಂದೇ ಚೀಟಿ ಹತ್ತು ಅಂಗಡಿ ಸುತ್ತುತ್ತದೆ, ಪ್ರತಿ ಅಂಗಡಿಯಲ್ಲೂ ಅದು ಹೊಚ್ಚ ಹೊಸದು.

2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ ಪಟ್ಟಿ ಬಂತು. 46 ಔಷಧಿಗಳು. ಆಂಟಿಬಯೋಟಿಕ್ಸ್, ಕ್ಷಯದ ಮಾತ್ರೆಗಳ ಜೊತೆ ಆಲ್ಪ್ರಜೋಲಾಮ್, ಕೊಡೀನ್, ಟ್ರಮಡಾಲ್ ಎಲ್ಲ ಅದರಲ್ಲಿ. ಲೇಬಲ್ಲಿಗೆ ಕೆಂಪು ಚೌಕಟ್ಟು, ಅಂಗಡಿಗೆ ಪ್ರತ್ಯೇಕ ರಿಜಿಸ್ಟರು: ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ. ಮೂರು ವರ್ಷ ಕಾದಿಡಬೇಕು. ಈ ರಿಜಿಸ್ಟರನ್ನು ನಂಬಬೇಕೋ ಬೇಡವೋ ತಿಳಿಯಲು ವಿಧಿವಿಜ್ಞಾನವೇನೂ ಬೇಡ, ಕಣ್ಣು ಸಾಕು. ಮೂರು ತಿಂಗಳ ನಮೂದುಗಳು ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಓರೆಯಲ್ಲಿದ್ದರೆ ಇನ್‌ಸ್ಪೆಕ್ಟರ್ ಬರುವ ಸುದ್ದಿ ಅಂಗಡಿಗೆ ಮೊದಲೇ ಮುಟ್ಟಿದೆ ಎಂದರ್ಥ. ಕೊಂಡ ಬಿಲ್ಲಿನಲ್ಲಿ 200 ಬಾಟಲಿ, ರಿಜಿಸ್ಟರಿನಲ್ಲಿ ಕೆಮ್ಮಿದವರು 30 ಜನ, ಕಪಾಟಿನಲ್ಲಿ ಉಳಿದದ್ದು ಸೊನ್ನೆ. ಮಿಕ್ಕ 170 ಎಲ್ಲಿ ಹೋದವು ಎನ್ನುವುದು ನಾಲ್ಕನೇ ಕ್ಲಾಸಿನ ಕಳೆಯುವ ಲೆಕ್ಕ. ಔಷಧಿ ಕೊಡುವಾಗ ಫಾರ್ಮಸಿಸ್ಟ್ ಖುದ್ದು ನಿಂತು ನೋಡಿಕೊಳ್ಳಬೇಕು ಎಂದೂ ಅದೇ 65ನೇ ನಿಯಮ ಹೇಳುತ್ತದೆ. ಅವರ ಸರ್ಟಿಫಿಕೇಟು ಗೋಡೆಯ ಮೇಲೆ ನಿಂತು ನೋಡಿಕೊಳ್ಳುತ್ತಿರುತ್ತದೆ.

ನಡುನಡುವೆ ಮೇಲಿನವರಿಗೆ ಸಿಟ್ಟು ಬರುತ್ತದೆ, ರೇಡು ನಡೆಯುತ್ತದೆ. ರೇಡಿನ ಮಾರನೆಯ ದಿನದಿಂದ ಇಡೀ ಬೀದಿಯ ಅಂಗಡಿಗಳಲ್ಲಿ ‘ನಿದ್ದೆ ಮಾತ್ರೆ ಇಲ್ಲ’. ಎರಡು-ನಾಲ್ಕು ವಾರಕ್ಕೆಂದು ಶುರುವಾದ ಆಲ್ಪ್ರಜೋಲಾಮನ್ನು ‘ಹಿಂದಿನದನ್ನೇ ಮುಂದುವರಿಸಿ’ ಎಂಬ ಒಂದು ಸಾಲಿನ ಕೃಪೆಯಿಂದ ಆರು ವರ್ಷ ನುಂಗಿದ ಅಜ್ಜಿಗೆ ಅವತ್ತು ಮಾತ್ರೆ ಇಲ್ಲ. ಮೊದಲ ರಾತ್ರಿ ನಿದ್ದೆ ಬಾರದು, ಆಮೇಲೆ ಕೈ ನಡುಕ, ಬೆವರು, ಗಾಬರಿ. ಕೆಲವರಿಗೆ ಕೆಲವೇ ದಿನದಲ್ಲಿ ಫಿಟ್ಸ್. ಮಿದುಳಿನ ಬ್ರೇಕನ್ನು ವರ್ಷಗಟ್ಟಲೆ ಮಾತ್ರೆಯೇ ಒತ್ತಿಕೊಂಡಿತ್ತು, ಒಮ್ಮೆಲೇ ಕಾಲು ತೆಗೆದರೆ ಗಾಡಿ ನುಗ್ಗುತ್ತದೆ. ಬಿಡಿಸುವ ರೀತಿ ಗೊತ್ತಿದ್ದದ್ದೇ: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸುತ್ತಾ, ಕಷ್ಟವಾದರೆ ಅಲ್ಲೇ ನಿಂತು, ಮತ್ತೆ ಇಳಿಸುವುದು. ತಿಂಗಳುಗಳ ಕೆಲಸ. ಅದರ ಫೋಟೋ ಚೆನ್ನಾಗಿ ಬರುವುದಿಲ್ಲ.

ಕಾನೂನು ಬರೆಯುವವರು ಅಕ್ಷರ ಅಕ್ಷರ ತೂಗಿ ಬರೆಯುತ್ತಾರೆ ಎಂದು ನಂಬಿದವರಿಗೆ ಒಂದು ಉಪಕಥೆ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಹೊಸ ವ್ಯಾಖ್ಯೆಯೊಂದನ್ನು ನಡುವೆ ತೂರಿಸಿದರು. ಅದು (viiia) ಎಂಬ ಕುರ್ಚಿಯಲ್ಲಿ ಕೂತಿತು. ಅಲ್ಲಿ ಮೊದಲು ಕೂತಿದ್ದ ‘ಅಕ್ರಮ ಸಾಗಣೆ’ ಪಕ್ಕಕ್ಕೆ ಸರಿದು (viiib) ಆಯಿತು. ಅಕ್ರಮ ಸಾಗಣೆಗೆ ದುಡ್ಡು ಹಾಕುವ ಧಣಿಗಳನ್ನು ಹಿಡಿಯುವ 27ಎ ಸೆಕ್ಷನ್ನಿಗೆ ಮಾತ್ರ ಈ ವಿಷಯ ಯಾರೂ ಹೇಳಲಿಲ್ಲ. ಅದು ಹಳೆಯ ಕುರ್ಚಿಯತ್ತಲೇ ಬೆರಳು ತೋರಿಸುತ್ತಾ ಏಳು ವರ್ಷ ನಿಂತಿತ್ತು. 2021ರಲ್ಲಿ ತ್ರಿಪುರಾ ಹೈಕೋರ್ಟ್ ಕಣ್ಣಿಗೆ ಬಿದ್ದಮೇಲೆ ಸೆಪ್ಟೆಂಬರ್ 30ಕ್ಕೆ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಮಸೂದೆ. ಅದೂ 2014ರ ಮೇ 1ರಿಂದಲೇ ಸರಿಯಿತ್ತೆಂದು ಭಾವಿಸತಕ್ಕದ್ದು. ಹತ್ತು ಬಾಟಲಿಯ ಹುಡುಗನ ಸೆಕ್ಷನ್ನಿನಲ್ಲಿ ಇಂಥ ಅಚ್ಚಿನ ದೋಷ ಆಗಿರಲಿಲ್ಲ.

ಆ ಕುರ್ಚಿಯಲ್ಲಿ ಬಂದು ಕೂತದ್ದು ಯಾರು ಗೊತ್ತೆ? ‘ಅತ್ಯಗತ್ಯ ಮಾದಕ ಔಷಧಿಗಳು’. ಅಂದರೆ ಕ್ಯಾನ್ಸರ್ ರೋಗಿಯ ನೋವಿಗೆ ಕೊಡುವ ಮಾರ್ಫಿನ್‌ನಂಥವು. ಇಲ್ಲಿಗೆ ಬಂದಮೇಲೆ ನಗು ಬರುವುದಿಲ್ಲ. 1985ರ ಕಾಯ್ದೆ ಬಂದಮೇಲೆ ಲೆಕ್ಕದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ಜೈಲು ಎಂಬ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಇಡಬೇಕೆಂದವರಿಗೆ ನಾಲ್ಕೈದು ಲೈಸೆನ್ಸು, ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ಮಾರ್ಫಿನ್ ಸಿಗುವುದೇ ಅಫೀಮಿನಿಂದ; ಆ ಅಫೀಮನ್ನು ನೀಮಚ್, ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಸಂಸ್ಕರಿಸಿ ಹೊರದೇಶಕ್ಕೆ ಕಾನೂನುಬದ್ಧವಾಗಿ ಮಾರುವ ದೇಶ ಇದು. 2014ರ ತಿದ್ದುಪಡಿ ಲೈಸೆನ್ಸುಗಳ ಗಂಟನ್ನು ಬಿಚ್ಚಿ, ರಾಜ್ಯದ ಔಷಧ ನಿಯಂತ್ರಕರ ಒಂದು ಮಾನ್ಯತೆ ಸಾಕು ಎಂದಿತು. ಮಾನ್ಯತೆಗೆ ಅರ್ಜಿ ಹಾಕುವಷ್ಟು ಧೈರ್ಯ ಎಷ್ಟು ಆಸ್ಪತ್ರೆಗಳಿಗಿದೆ? ಬಾಯಿಂದ ನುಂಗುವ ಮಾರ್ಫಿನ್ ಅಗ್ಗದ ಮಾತ್ರೆ. ನಾಲ್ಕು ಗಂಟೆಗೊಮ್ಮೆ ಕೊಡಬೇಕು, ಮಲಬದ್ಧತೆ ಆಗದ ಹಾಗೆ ಜೊತೆಗೊಂದು ಔಷಧಿ ಬರೆಯಬೇಕು, ನಡುರಾತ್ರಿ ಎಬ್ಬಿಸಬಾರದೆಂದು ಮಲಗುವಾಗ ಎರಡು ಡೋಸು ಸೇರಿಸಿ ಕೊಡುತ್ತಾರೆ. ಕಷ್ಟದ ವಿದ್ಯೆಯೇನೂ ಅಲ್ಲ. ಕೊಡುವವರು ಹತ್ತಿರದಲ್ಲಿಲ್ಲ. ಚಟಕ್ಕೆ ಬೇಕಾದವನಿಗೆ ವಾಟ್ಸಾಪ್ ಫೋಟೋ ತೋರಿಸಿದರೆ ಬಾಟಲಿ ಸಿಗುತ್ತದೆ, ಮೂಳೆಯೊಳಗೆ ಕ್ಯಾನ್ಸರ್ ಇಳಿದವನ ಮಗ ಅಸಲಿ ಚೀಟಿ ಹಿಡಿದು ಎರಡು ಜಿಲ್ಲೆ ದಾಟುತ್ತಾನೆ. ಅವನು ಬರುವವರೆಗೆ ಮನೆಯಲ್ಲಿ ಆರು ಗಂಟೆಗೊಂದು ಪ್ಯಾರಾಸಿಟಮಾಲ್ ಕೊಡುತ್ತಿರುತ್ತಾರೆ.