ಎಡರ್ಲಿ ಅವರ ಕಿವಿ ಕೆಡಿಸಿದ್ದು ಕಡಲಲ್ಲ, ದಡಾರ

ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಮೊದಲ ಮಹಿಳೆ, ಅಮೆರಿಕದ ಗರ್ಟ್ರೂಡ್ ಎಡರ್ಲಿ ಅವರ ಕಥೆ ಹೇಳುವಾಗ ಹಲವರು ಒಂದು ಮಾತು ಸೇರಿಸುತ್ತಾರೆ: ಆ ಸಾಹಸಕ್ಕೆ ಅವರು ತಮ್ಮ ಕಿವಿಯನ್ನೇ ಬೆಲೆಯಾಗಿ ತೆತ್ತರು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ.

ಅವರ ಕಿವಿ ಮಂದವಾದದ್ದು ಬಾಲ್ಯದಲ್ಲಿ ಬಂದ ದಡಾರದಿಂದ. ದಡಾರ ಮಧ್ಯಕಿವಿಯ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಒಳಕಿವಿಗೂ ಹಬ್ಬಿದರೆ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಈಜಿದರೆ ಕಿವುಡು ಹೆಚ್ಚುತ್ತದೆಂದು ವೈದ್ಯರು ಎಚ್ಚರಿಸಿದ್ದು ನಿಜ, ನೀರಿನ ಮೇಲಿನ ಪ್ರೀತಿಯಿಂದ ಈಜು ಬಿಡಲಾಗಲಿಲ್ಲವೆಂದು ಅವರೇ ಮುಂದೆ ಹೇಳಿದ್ದೂ ನಿಜ. ಆದರೂ ‘ಬೆಲೆ ತೆತ್ತರು’ ಎಂದೊಡನೆ, ಹೆಣ್ಣೊಬ್ಬಳು ಅತಿಯಾಸೆಗೆ ದಂಡ ಕಟ್ಟಿದಳೆಂಬ ಧ್ವನಿ ಹೊರಡುತ್ತದೆ. ಅವರಿಗಿಂತ ಮೊದಲು ದಾಟಿದ ಐವರು ಗಂಡಸರ ವಿಷಯದಲ್ಲಿ ಇಂಥ ಲೆಕ್ಕಾಚಾರವನ್ನು ನಾನೆಲ್ಲೂ ಓದಿಲ್ಲ.

1926ರ ಆಗಸ್ಟ್ 6ರ ಬೆಳಿಗ್ಗೆ ಮೈಗೆಲ್ಲ ಕೊಬ್ಬು ಬಳಿದುಕೊಂಡು, ನೀರು ನುಗ್ಗದಂತೆ ಈಜುಕನ್ನಡಕದ ಅಂಚಿಗೆ ಮೇಣ ಮೆತ್ತಿಕೊಂಡು ಅವರು ಫ್ರಾನ್ಸಿನ ಗ್ರಿ-ನೇ ಭೂಶಿರದಿಂದ ನೀರಿಗಿಳಿದರು. ಹವೆ ಕೆಟ್ಟು ಅಲೆಗಳೆದ್ದಾಗ, ಜೊತೆಗಿದ್ದ ದೋಣಿಯಿಂದ ತರಬೇತುದಾರ ಥಾಮಸ್ ಬರ್ಜೆಸ್ ಮೇಲೆ ಬಂದುಬಿಡುವಂತೆ ಒತ್ತಾಯಿಸಿದರು. “ಯಾತಕ್ಕೆ?” ಎಂದಷ್ಟೇ ಕೇಳಿ ಎಡರ್ಲಿ ಈಜುತ್ತಲೇ ಹೋದರು. ರಾತ್ರಿ ಇಂಗ್ಲೆಂಡಿನ ಕಿಂಗ್ಸ್‌ಡೌನ್ ದಡ ಮುಟ್ಟಿದಾಗ 14 ಗಂಟೆಗಳ ಮೇಲೆ ಅರ್ಧ ಗಂಟೆ ಕಳೆದಿತ್ತು, ಗಂಡಸರ ಅತ್ಯುತ್ತಮ ದಾಖಲೆಗಿಂತ ಸುಮಾರು 2 ಗಂಟೆ ಕಡಿಮೆ.

ಆಮೇಲಿನ ಬದುಕನ್ನು ಬಹಳ ಬರಹಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. 1933ರಲ್ಲಿ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ವರ್ಷಗಟ್ಟಲೆ ನರಳಿದರು. 1939ರ ನ್ಯೂಯಾರ್ಕ್ ವಿಶ್ವಮೇಳದ ಜಲಪ್ರದರ್ಶನದಲ್ಲಿ ಮತ್ತೆ ಈಜಿದರು. 1940ರ ದಶಕದ ಹೊತ್ತಿಗೆ ಕಿವಿ ಹೆಚ್ಚುಕಡಿಮೆ ಪೂರ್ತಿ ಕೇಳದಾಗಿತ್ತು. ಅವರು ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಕಿವುಡರ ಶಾಲೆಯ ಮಕ್ಕಳಿಗೆ ಈಜು ಕಲಿಸಿದರು. ತಮ್ಮಂತೆಯೇ ಕಿವಿ ಕೇಳದ, ಲೋಕವೆಲ್ಲ ಕೊಂಡಾಡಿದ ಈಜುಗಾರ್ತಿಯೇ ಎದುರಿಗೆ ನಿಂತು ಕೈ ಬೀಸುವುದನ್ನು ತೋರಿಸಿಕೊಟ್ಟಾಗ ಆ ಮಕ್ಕಳಿಗೆ ಎಷ್ಟು ಧೈರ್ಯ ಬಂದಿರಬೇಕು! ನನಗೆ ಆ ದಾಖಲೆಗಿಂತ ಈ ಕೆಲಸವೇ ದೊಡ್ಡದಾಗಿ ಕಾಣುತ್ತದೆ. 2003ರಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ದಡಾರಕ್ಕೆ ಅಮೆರಿಕದಲ್ಲಿ ಲಸಿಕೆ ಬಂದದ್ದು 1963ರಲ್ಲಿ. ಆ ವೇಳೆಗೆ ಎಡರ್ಲಿ ಅವರಿಗೆ 57 ತುಂಬಿತ್ತು. ನಮ್ಮಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲಿಗೆ ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಆಗ ವಾಟ್ಸಾಪ್ ವದಂತಿಗಳನ್ನು ನಂಬಿ ಲಸಿಕೆ ಬೇಡವೆಂದ ಪೋಷಕರೂ ಇದ್ದರು. ದಡಾರ ಮಗುವಿನ ಕಿವಿಯನ್ನೂ ಕಸಿಯಬಲ್ಲದು ಎಂದು ಆ ತಂದೆತಾಯಂದಿರಿಗೆ ಯಾರಾದರೂ ಕೂತು ಹೇಳಿದ್ದರೆ ಅವರಲ್ಲಿ ಅನೇಕರು ಮನಸ್ಸು ಬದಲಿಸುತ್ತಿದ್ದರೆಂದೇ ನನ್ನ ನಂಬಿಕೆ.