ಬಿನೆ–ಕಾಮತ್ ಪರೀಕ್ಷೆಯ ಕಾಮತರು ಯಾರು?

ಮಕ್ಕಳ ಬುದ್ಧಿಶಕ್ತಿ ಅಳೆಯುವ ಕೆಲಸದಲ್ಲಿರುವ ಕನ್ನಡಿಗರಿಗೆ ‘ಬಿಕೆಟಿ’ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಬಿನೆ–ಕಾಮತ್ ಟೆಸ್ಟ್. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೋನ್ ಜೊತೆ ಕಟ್ಟಿದ ಪರೀಕ್ಷೆ ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್–ಬಿನೆ ಆಯಿತು. ಅದನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತ್. ಬಿನೆ ಯಾರು ಅಂತ ಕೇಳಿದರೆ ಬಿ.ಎ. ಓದುವ ಹುಡುಗರೂ ನಾಲ್ಕು ಮಾತು ಹೇಳುತ್ತಾರೆ. ಕಾಮತರು ಯಾರು ಅಂತ ಕೇಳಿದರೆ, ಪಾಠ ಮಾಡುವವರೂ ಪರೀಕ್ಷೆಯ ಹೆಸರನ್ನೇ ಇನ್ನೊಮ್ಮೆ ಹೇಳಿ ಸುಮ್ಮನಾಗುತ್ತಾರೆ.

ಕುಪ್ಪುಸ್ವಾಮಿಯವರದೂ ಇದೇ ಪಾಡು. ಮೈಸೂರಿನಲ್ಲಿ ಮನೋವಿಜ್ಞಾನ ಕಲಿಸಿದ ಬಿ. ಕುಪ್ಪುಸ್ವಾಮಿ 1976ರಲ್ಲಿ ನಗರವಾಸಿ ಕುಟುಂಬಗಳ ಸಾಮಾಜಿಕ–ಆರ್ಥಿಕ ಸ್ಥಿತಿಯನ್ನು ಅಳೆಯುವ ಮಾಪಕವೊಂದನ್ನು ಕೊಟ್ಟರು. ಮನೆಯ ಯಜಮಾನರ ಓದು, ಅವರ ಉದ್ಯೋಗ, ಕುಟುಂಬದ ಆದಾಯ, ಈ ಮೂರಕ್ಕೆ ಅಂಕ ಹಾಕಿ ಕೂಡಿದರೆ 3ರಿಂದ 29ರೊಳಗೆ ಒಂದು ಸಂಖ್ಯೆ ಬರುತ್ತದೆ; ಅದರ ಮೇಲೆ ಐದು ವರ್ಗ. ಭಾರತದ ಯಾವ ಮೆಡಿಕಲ್ ಕಾಲೇಜಿಗೆ ಹೋದರೂ ಪಿ.ಜಿ. ಪ್ರಬಂಧಗಳಲ್ಲಿ ಇದು ಕಾಣುತ್ತದೆ. ರೂಪಾಯಿಯ ಬೆಲೆ ಇಳಿದ ಹಾಗೆಲ್ಲ ಆದಾಯದ ಕಾಲಮ್ಮನ್ನು ಬೆಲೆ ಸೂಚ್ಯಂಕಕ್ಕೆ ಹೊಂದಿಸಿ ಯಾರೋ ಹೊಸದಾಗಿ ಪ್ರಕಟಿಸುತ್ತಲೇ ಇರುತ್ತಾರೆ. ಮಾಪಕಕ್ಕೆ ವರ್ಷವರ್ಷವೂ ಉಪಚಾರ ನಡೆಯುತ್ತದೆ. ಅದನ್ನು ಕಟ್ಟಿದವರ ಬದುಕನ್ನು ಕೇಳುವವರಿಲ್ಲ.

ಎಂ. ವಿ. ಗೋಪಾಲಸ್ವಾಮಿಯವರ ಕಥೆ ಇದಕ್ಕೆ ತಿರುಗಾಮುರುಗಾ. ಅವರನ್ನು ನಾವು ಚೆನ್ನಾಗಿಯೇ ನೆನೆಯುತ್ತೇವೆ, ಆದರೆ ರೇಡಿಯೋಗಾಗಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವಾಟಿನ ಪ್ರೇಷಕ ಇಟ್ಟು ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ನಿಂತದ್ದು ಅಲ್ಲಿಂದ. ಸಂತೋಷ. ಆದರೆ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದವರು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿ ನಿಲ್ಲಿಸಿದವರು ಎಂಬುದು ಲೇಖನದ ಕೊನೆಯಲ್ಲಿ ಅರ್ಧ ಸಾಲಿಗೆ ಮುಗಿಯುತ್ತದೆ. ಬುದ್ಧಿಶಕ್ತಿಯಲ್ಲಿ ಎಲ್ಲ ಕೆಲಸಕ್ಕೂ ಒದಗುವ ಒಂದು ಸಾಮಾನ್ಯ ಅಂಶ, ಆಯಾ ಕೆಲಸಕ್ಕಷ್ಟೇ ಒದಗುವ ವಿಶೇಷ ಅಂಶ ಎಂದು ಎರಡಿವೆ ಅಂದವರು ಸ್ಪಿಯರ್‌ಮನ್. ಆ ಚಿಂತನೆ ಹುಟ್ಟಿದ ಜಾಗದಿಂದ ಮೈಸೂರಿಗೆ ನೇರವಾಗಿ ಒಂದು ಎಳೆ ಬಂದಿತ್ತು ಎಂಬುದೇ ನಮ್ಮ ನೆನಪಿನಿಂದ ಜಾರಿಹೋಗಿದೆ.

ಹೊರಗಿದ್ದುಕೊಂಡು ಇಂಗ್ಲಿಷಿನ ಮರಣಲೇಖನಗಳನ್ನೂ ಕನ್ನಡದ ನುಡಿನಮನಗಳನ್ನೂ ಪಕ್ಕಪಕ್ಕ ಇಟ್ಟು ಓದುವವರಿಗೆ ಒಂದು ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮದು ಗುಣದ ಬರಹ. ಸರಳರು, ಸಜ್ಜನರು, ಶಿಷ್ಯವತ್ಸಲರು. ಈ ಮೂರು ವಿಶೇಷಣಗಳನ್ನು ಹಾಗೇ ಎತ್ತಿ ಸಸ್ಯವಿಜ್ಞಾನದ ಮೇಷ್ಟ್ರಿಗೆ ಹಚ್ಚಿದರೂ ಒಂದು ಅಕ್ಷರ ಬದಲಿಸಬೇಕಾಗಿಲ್ಲ. ಇಂಗ್ಲಿಷಿನವರದು ಲೆಕ್ಕದ ಬರಹ. ಎಷ್ಟು ಪ್ರಬಂಧ, ಯಾವ ಪದಕ, ಯಾವ ಸಂಘದ ಅಧ್ಯಕ್ಷತೆ, ಎಷ್ಟು ಜನ ಉಲ್ಲೇಖಿಸಿದರು. 2002ರಲ್ಲಿ ಅಮೆರಿಕದ ಸಂಶೋಧಕರ ಗುಂಪೊಂದು 20ನೇ ಶತಮಾನದ ಖ್ಯಾತ ಮನೋವಿಜ್ಞಾನಿಗಳಿಗೆ ಸ್ಥಾನಪಟ್ಟಿಯನ್ನೇ ಮಾಡಿತು. ಪತ್ರಿಕೆಗಳಲ್ಲಿ ಉಲ್ಲೇಖ, ಪಠ್ಯಪುಸ್ತಕಗಳಲ್ಲಿ ಉಲ್ಲೇಖ, ಸಮೀಕ್ಷೆಯಲ್ಲಿ ಸಿಕ್ಕ ಮತ, ಇದರ ಜೊತೆಗೆ ಹೆಸರೇ ಒಂದು ಪದವಾಗಿ ಚಾಲ್ತಿಗೆ ಬಂದಿದೆಯೇ ಎಂಬ ಅಳತೆಯೂ ಇತ್ತು. ಸ್ಕಿನ್ನರ್ ಮೊದಲು, ಆಮೇಲೆ ಪಿಯಾಜೆ, ಫ್ರಾಯ್ಡ್, ಬಂಡೂರಾ. ನೂರರ ಪಟ್ಟಿ ಅಂದರೂ 99 ಹೆಸರು ಕೊಟ್ಟು ನೂರನೆಯದನ್ನು ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗವೇ ಪಟ್ಟಿಯ ಜಾಣತನ ಅಂತ ನನಗೆ ಅನಿಸುವುದುಂಟು.

ಎರಡೂ ಬಗೆಯಲ್ಲಿ ತಪ್ಪಿಹೋಗುವ ಪ್ರಶ್ನೆ ಒಂದೇ: ಇವರು ಮಾಡಿದ ಕೆಲಸ ಇವತ್ತಿಗೂ ನಿಂತಿದೆಯೇ? ಆದರೆ ಇಂಗ್ಲಿಷಿನವರಿಗೆ ಒಂದು ಅಭ್ಯಾಸವಿದೆ. ನಾವು ಕಲಿಯಬೇಕಾದ್ದು ಅದನ್ನೇ. ಬರೆದ ನುಡಿನಮನವನ್ನು ಇವರು ಮತ್ತೆ ತೆರೆಯುತ್ತಾರೆ.

ಸಿರಿಲ್ ಬರ್ಟ್ ಪ್ರಕರಣವನ್ನೇ ನೋಡಿ. ಸ್ಪಿಯರ್‌ಮನ್ ನಂತರ ಲಂಡನ್ನಿನ ಮನೋವಿಜ್ಞಾನ ಪೀಠಕ್ಕೆ ಬಂದವರು ಇವರೇ. ಬ್ರಿಟನ್ನಿನಲ್ಲಿ ‘ಸರ್’ ಪದವಿ ಪಡೆದ ಮೊದಲ ಮನೋವಿಜ್ಞಾನಿ. 1971ರಲ್ಲಿ ತೀರಿಕೊಂಡಾಗ ಹೊಗಳಿಕೆಯ ಮಳೆ. ಸ್ಮರಣ ಸಭೆಯಲ್ಲಿ ಮಾತಾಡಿದ ಲೆಸ್ಲಿ ಹರ್ನ್‌ಶಾ ಅವರಿಗೇ ಬರ್ಟ್‌ರ ತಂಗಿ ಜೀವನಚರಿತ್ರೆ ಬರೆದುಕೊಡಲು ಕೇಳಿದರು. ಅಷ್ಟರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಕೇಮಿನ್ ಒಂದು ವಿಚಿತ್ರ ಎತ್ತಿ ತೋರಿಸಿದ್ದರು. ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಬುದ್ಧಿಶಕ್ತಿಯ ಸಹಸಂಬಂಧವನ್ನು (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಂಕಿ; 1 ಅಂದರೆ ಪೂರ್ತಿ ಹೊಂದಿಕೆ) ಬರ್ಟ್ 1955ರಲ್ಲಿ 21 ಜೋಡಿಗಳಿಂದ 0.771 ಎಂದು ಕೊಟ್ಟಿದ್ದರು. 1966ರಲ್ಲಿ ಜೋಡಿಗಳು 53 ಆದಾಗಲೂ ಅದೇ 0.771. ಜೋಡಿಗಳ ಸಂಖ್ಯೆ ಎರಡೂವರೆ ಪಟ್ಟಾದ ಮೇಲೂ ಮೂರನೇ ದಶಮಾಂಶ ಅಲುಗದೆ ಕೂರುವುದು ಅಂಕಿಸಂಖ್ಯೆಯ ಲೋಕದಲ್ಲಿ ನಡೆಯುವ ಮಾತಲ್ಲ. 1976ರಲ್ಲಿ ಪತ್ರಕರ್ತ ಆಲಿವರ್ ಗಿಲ್ಲಿ, ಬರ್ಟ್‌ರ ಇಬ್ಬರು ಸಹಾಯಕಿಯರು ನಿಜಕ್ಕೂ ಇದ್ದರೇ ಎಂದು ಬಹಿರಂಗವಾಗಿ ಕೇಳಿದರು. ಕೊನೆಗೆ 1979ರಲ್ಲಿ ಬಂದ ಜೀವನಚರಿತ್ರೆಯಲ್ಲಿ ಹರ್ನ್‌ಶಾ, ತಾವೇ ಸಭೆಯಲ್ಲಿ ಕೊಂಡಾಡಿದ ಮನುಷ್ಯ ದತ್ತಾಂಶವನ್ನು ಕಟ್ಟುಕತೆ ಮಾಡಿದ್ದರು ಎಂಬ ತೀರ್ಮಾನಕ್ಕೆ ಬಂದರು. ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ 1980ರಲ್ಲಿ ಅದನ್ನು ಒಪ್ಪಿತು. 1989 ಮತ್ತು 1991ರಲ್ಲಿ ಬರ್ಟ್ ಪರವಾಗಿ ಎರಡು ಪುಸ್ತಕ ಬಂದವು. 1992ರಲ್ಲಿ ಸೊಸೈಟಿ, ಈ ವಿಷಯದಲ್ಲಿ ತನ್ನದು ಅಂತ ಯಾವ ನಿಲುವೂ ಇಲ್ಲ ಎಂದು ಹಿಂದೆ ಸರಿಯಿತು. ಈಗಲೂ ಕಡತ ಪೂರ್ತಿ ಮುಚ್ಚಿಲ್ಲ. ಮುಚ್ಚಲಾಗದ ಒಂದು ಕಾರಣ ತೀರ ಸಾಮಾನ್ಯವಾದದ್ದು: ಬರ್ಟ್ ತೀರಿಕೊಂಡ ಮೇಲೆ ಅವರ ಮನೆಯಲ್ಲಿದ್ದ ಕಾಗದದ ಪೆಟ್ಟಿಗೆಗಳನ್ನು ಸುಟ್ಟುಹಾಕಿದ್ದರು. ದೂರಿದವರಿಗೂ ಸಾಕ್ಷಿ ಇಲ್ಲ, ಕಾಪಾಡಲು ಹೋದವರಿಗೂ ಇಲ್ಲ.

ಹ್ಯಾನ್ಸ್ ಐಸೆಂಕ್ 1997ರಲ್ಲಿ ತೀರಿಕೊಂಡರು. ಅತಿ ಹೆಚ್ಚು ಉಲ್ಲೇಖಿತರಾದ ಮನೋವಿಜ್ಞಾನಿಗಳಲ್ಲಿ ಒಬ್ಬರು ಎಂಬ ಮಾತು ಅವರ ಬಗ್ಗೆ ಎಲ್ಲ ಕಡೆಯೂ ಬಂತು. 2019ರಲ್ಲಿ ಕಿಂಗ್ಸ್ ಕಾಲೇಜ್ ಲಂಡನ್ ವಿಚಾರಣೆ ನಡೆಸಿ, ವ್ಯಕ್ತಿತ್ವಕ್ಕೂ ಕ್ಯಾನ್ಸರ್–ಹೃದ್ರೋಗಗಳಿಗೂ ಗಂಟು ಹಾಕಿದ ಅವರ 26 ಪ್ರಬಂಧಗಳನ್ನು ನಂಬಲಾಗದು ಎಂದಿತು. ಉಲ್ಲೇಖದ ಲೆಕ್ಕ ಎಷ್ಟು ಪೊಳ್ಳಾಗಬಹುದು ಎಂಬುದು ಅಲ್ಲಿಗೆ ಗೊತ್ತಾಯಿತು. ಬೈಯುವುದಕ್ಕೆ ಉಲ್ಲೇಖಿಸಿದರೂ ಎಣಿಕೆ ಏರುತ್ತದೆ.

ನಮ್ಮಲ್ಲಿ ಇಂಥದ್ದು ಆಗುವುದಿಲ್ಲ. ಸತ್ತವರ ಬಗ್ಗೆ ಎರಡು ಮಾತಾಡಬಾರದು ಎಂಬ ಸಂಕೋಚ ಒಳ್ಳೆಯದೇ. ಮನೆಯವರ ಎದುರು, ಹನ್ನೊಂದನೇ ದಿನ, ಹಾಗೇ ಇರಬೇಕು. ಆದರೆ ಆ ಸಂಕೋಚ ಇಪ್ಪತ್ತು ವರ್ಷ ಕಳೆದರೂ ಬಿಡುವುದಿಲ್ಲ. ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸಿದರು ಎಂದು ಬಸವಣ್ಣ ಹೇಳಿದ್ದು ನಮ್ಮ ಅಭಿನಂದನ ಗ್ರಂಥಗಳಿಗೆ ತಕ್ಕ ಮಾತು. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಹಿರಿಯರಿಗೆ ಅರ್ಪಿಸುವ ಗ್ರಂಥದಲ್ಲಿ ಶಿಷ್ಯರು ಹೊಸ ಸಂಶೋಧನೆ ಬರೆದು ಒಪ್ಪಿಸುವ ರೂಢಿ ಇದೆ. ಗುರುಗಳ ವಾದವನ್ನು ಅಲ್ಲೇ ತಿದ್ದುವುದೂ ಉಂಟು. ನಮ್ಮಲ್ಲಿ ಮೊದಲ ಮುನ್ನೂರು ಪುಟ ಒಡನಾಟದ ನೆನಪು, ಕೊನೆಯ ಮೂರು ಪುಟ ಕೃತಿಪಟ್ಟಿ. ಆ ಪಟ್ಟಿಯಲ್ಲೂ ಎಷ್ಟೋ ಸಲ ಇಸವಿ ಇರುವುದಿಲ್ಲ.

ಹಾಗಂತ ಪಶ್ಚಿಮದವರು ಯಾರನ್ನೂ ಮರೆತಿಲ್ಲ ಅಂದುಕೊಳ್ಳಬೇಡಿ. 1920ರಲ್ಲಿ ‘ಲಿಟಲ್ ಆಲ್ಬರ್ಟ್’ ಎಂಬ ಕೂಸಿಗೆ ಬಿಳಿ ಇಲಿಯ ಭಯ ಕಲಿಸಿದ ಪ್ರಬಂಧದಲ್ಲಿ ಜಾನ್ ವಾಟ್ಸನ್ ಜೊತೆ ರೋಸಲಿ ರೇನರ್ ಹೆಸರೂ ಇದೆ. ಜನರ ಬಾಯಲ್ಲಿ ಉಳಿದದ್ದು ವಾಟ್ಸನ್ ಒಬ್ಬರೇ. ಕಪ್ಪು ಮಕ್ಕಳ ಎದುರು ಬೊಂಬೆಗಳನ್ನಿಟ್ಟು ಮಾಡಿದ ಅಧ್ಯಯನ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ ತೀರ್ಪಿಗೆ ಒದಗಿತು. ಅದರ ಬೇರು ಇರುವುದು ಮೇಮಿ ಕ್ಲಾರ್ಕ್ ಅವರ ಸ್ನಾತಕೋತ್ತರ ಪ್ರಬಂಧದಲ್ಲಿ. ಆದರೂ ಬಹುಕಾಲ ಅದು ಗಂಡ ಕೆನೆತ್ ಕ್ಲಾರ್ಕ್ ಅವರ ಪ್ರಯೋಗ ಎನಿಸಿಕೊಂಡಿತು. ಮೇರಿ ಕ್ಯಾಲ್ಕಿನ್ಸ್ ಹಾರ್ವರ್ಡಿನಲ್ಲಿ ಪಿಎಚ್.ಡಿ.ಗೆ ಬೇಕಾದ್ದನ್ನೆಲ್ಲ 1895ರ ಹೊತ್ತಿಗೆ ಮುಗಿಸಿದ್ದರು. ಹೆಂಗಸು ಎಂಬ ಕಾರಣಕ್ಕೆ ಪದವಿ ಸಿಗಲಿಲ್ಲ. ಹತ್ತು ವರ್ಷದ ಮೇಲೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಂಥವರ ಬಗ್ಗೆ ಬರೆಯುವಾಗ ‘ಡಾ.’ ಹಚ್ಚಿಬಿಟ್ಟರೆ ಗೌರವ ಕೊಟ್ಟಂತಲ್ಲ, ಅನ್ಯಾಯವನ್ನು ಅಳಿಸಿದಂತೆ.

ಹೆಸರೇ ಪದವಾದರೆ ಕೀರ್ತಿ ಉಳಿಯುತ್ತದೆ ಎಂಬ ನಂಬಿಕೆಯೂ ಅರ್ಧಸತ್ಯ. ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಕೈಕೆಳಗೆ, ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ತೋರಿಸಿದರು. ‘ಜೈಗಾರ್ನಿಕ್ ಪರಿಣಾಮ’ ಎಲ್ಲರಿಗೂ ಗೊತ್ತು. ಆಮೇಲೆ ಮಾಸ್ಕೋದಲ್ಲಿ ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ ಜೊತೆ ಕೆಲಸ ಮಾಡಿದ್ದು, ಯುದ್ಧಕಾಲದಲ್ಲಿ ಮೆದುಳಿಗೆ ಪೆಟ್ಟಾದ ಸೈನಿಕರ ಪುನಶ್ಚೇತನದಲ್ಲಿ ತೊಡಗಿದ್ದು, ಮನೋರೋಗಿಗಳ ಆಲೋಚನೆ ಎಲ್ಲಿ ಎಡವುತ್ತದೆ ಎಂದು ದಶಕಗಟ್ಟಲೆ ಅಭ್ಯಾಸ ಮಾಡಿ ಅದನ್ನೇ ಒಂದು ಶಾಖೆಯಾಗಿ ಬೆಳೆಸಿದ್ದು, ಇದೆಲ್ಲ ಆ ಒಂದು ಪದದ ನೆರಳಿನಲ್ಲಿ ಮುಚ್ಚಿಹೋಗಿದೆ. 1988ರವರೆಗೆ ಬದುಕಿದ್ದವರನ್ನು ಪ್ರಪಂಚ 1927ಕ್ಕೇ ನಿಲ್ಲಿಸಿಬಿಟ್ಟಿದೆ.

ಇನ್ನು ಕನ್ನಡದಲ್ಲಿ ಬರೆಯಲು ಕೂತವರು ಎಡವುವ ಜಾಗಗಳು. ಮೊದಲನೆಯದು ವೃತ್ತಿಯ ಹೆಸರು. ಮನೋವೈದ್ಯರು ವೈದ್ಯಶಾಸ್ತ್ರ ಓದಿ ಔಷಧಿ ಬರೆಯುವವರು, ಮನೋವಿಜ್ಞಾನಿಗಳು ಬೇರೆ, ಮನೋವಿಶ್ಲೇಷಕರ ತರಬೇತಿಯೇ ಇನ್ನೊಂದು. ಮೂವರನ್ನೂ ‘ಮನಶ್ಶಾಸ್ತ್ರಜ್ಞ’ ಎಂಬ ಒಂದೇ ಶಾಲು ಹೊದಿಸಿ ಕೂರಿಸಿದರೆ ಅವರ ಕೆಲಸ ಏನೆಂದೇ ತಿಳಿಯದು. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಮೂಲತಃ ವೈದ್ಯರು. ಪಿಯಾಜೆಯ ಡಾಕ್ಟರೇಟು ಪ್ರಾಣಿವಿಜ್ಞಾನದ್ದು, ಬಸವನಹುಳುವಿನ ಜಾತಿಯ ಮೃದ್ವಂಗಿಗಳ ಮೇಲೆ. ಪಾವ್ಲೋವ್‌ಗೆ 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ. ನಾಯಿಗೆ ಗಂಟೆ ಬಾರಿಸಿದ್ದಕ್ಕೆ ಬಂತು ಎಂದು ಬರೆಯುವುದು ನಿಲ್ಲಬೇಕು. ಮ್ಯಾಸ್ಲೋ 1943ರ ಪ್ರಬಂಧದಲ್ಲಿ ಅಗತ್ಯಗಳ ಶ್ರೇಣಿಯನ್ನು ಹೇಳಿದ್ದು ಹೌದು, ಅಲ್ಲಿ ಪಿರಮಿಡ್ಡಿನ ಚಿತ್ರ ಇಲ್ಲ. ಅದು ಆಮೇಲೆ ಬೇರೆಯವರು ಬಿಡಿಸಿದ್ದು.

ತಾರೀಕಿನ ತಪ್ಪು ಚಿಕ್ಕದೆನಿಸಿದರೂ ಬೇಗ ಹರಡುತ್ತದೆ. ರಷ್ಯಾದಲ್ಲಿ ಹುಟ್ಟಿದವರಿಗೆ ಎರಡು ಹುಟ್ಟಿದ ದಿನ ಇರುತ್ತವೆ. ವೈಗಾಟ್‌ಸ್ಕಿ ಹಳೆಯ ಪಂಚಾಂಗದ ಪ್ರಕಾರ 1896ರ ನವೆಂಬರ್ 5, ಹೊಸದರ ಪ್ರಕಾರ ನವೆಂಬರ್ 17. 19ನೇ ಶತಮಾನಕ್ಕೆ 12 ದಿನ, 20ನೆಯದಕ್ಕೆ 13 ದಿನ ಕೂಡಿಸಬೇಕು. ಯಾವ ಪಂಚಾಂಗ ಎಂದು ಒಂದು ಪದ ಬರೆದರೆ ಸಾಕು.

ಆಮೇಲೆ ಮುಖ್ಯವಾದದ್ದು. ಒಂದೇ ಒಂದು ಕೆಲಸವನ್ನು ಆರಿಸಿಕೊಂಡು ಪೂರ್ತಿ ಬಿಡಿಸಿ ಬರೆಯಿರಿ: ಎಷ್ಟು ಜನರ ಮೇಲೆ ಮಾಡಿದರು, ಏನು ಮಾಡಿಸಿದರು, ಏನು ಕಂಡಿತು, ಬೇರೆಯವರು ಮತ್ತೆ ಮಾಡಿದಾಗ ಅದೇ ಬಂತೇ, ಪ್ರಬಂಧದಲ್ಲಿ ಮೊದಲ ಹೆಸರು ಯಾರದು. ಫಿಲಿಪ್ ಝಿಂಬಾರ್ಡೊ 2024ರಲ್ಲಿ ತೀರಿಕೊಂಡಾಗ ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರರನ್ನಾಗಿ ಮಾಡಿದ 1971ರ ನಕಲಿ ಜೈಲಿನ ಪ್ರಯೋಗ ಎಲ್ಲ ಬರಹದಲ್ಲೂ ಬಂತು. ಎರಡು ವಾರಕ್ಕೆಂದು ಯೋಜಿಸಿದ್ದನ್ನು ಆರು ದಿನಕ್ಕೆ ನಿಲ್ಲಿಸಿದ್ದನ್ನು ಹೇಳಿದರೆ ಅರ್ಧ ಕಥೆ. ಕಾವಲುಗಾರರಾಗಿದ್ದ ಹುಡುಗರಿಗೆ ಹೇಗೆ ನಡೆದುಕೊಳ್ಳಬೇಕೆಂದು ಮೊದಲೇ ಹೇಳಿಕೊಟ್ಟಿದ್ದರು ಎಂಬ ಆಕ್ಷೇಪ ದಾಖಲೆಗಳ ಸಮೇತ ಬಂದದ್ದು ಉಳಿದರ್ಧ. ಎರಡನ್ನೂ ಬರೆದರೆ ಝಿಂಬಾರ್ಡೊಗೆ ಅವಮಾನವಾಗುವುದಿಲ್ಲ. ಡೇನಿಯಲ್ ಕಾನೆಮನ್ ಬದುಕಿದ್ದಾಗಲೇ, 2017ರಲ್ಲಿ, ತಮ್ಮ ಪುಸ್ತಕದ ಒಂದು ಅಧ್ಯಾಯ ತೀರ ಚಿಕ್ಕ ಅಧ್ಯಯನಗಳನ್ನು ಅತಿಯಾಗಿ ನಂಬಿತ್ತು ಎಂದು ಒಪ್ಪಿಕೊಂಡರು. ನನ್ನನ್ನು ಕೇಳಿದರೆ, ನೊಬೆಲ್ ಬಂದ ಸಾಲಿನ ಪಕ್ಕದಲ್ಲೇ ಈ ಸಾಲೂ ಇರಬೇಕು. ನೊಬೆಲ್ ಸಮಿತಿಗೆ ಬರೆದುಕೊಟ್ಟ ಆತ್ಮಕಥನದಲ್ಲಿ ಅವರು 1996ರಲ್ಲಿ ತೀರಿಕೊಂಡ ಜೊತೆಗಾರ ಏಮಸ್ ಟ್ವರ್ಸ್ಕಿ ಬಗ್ಗೆ ಆಡಿದ ನುಡಿನಮನವನ್ನೂ ಸೇರಿಸಿದ್ದರು. ತನ್ನ ಕೆಲಸದಲ್ಲಿ ಇನ್ನೊಬ್ಬರ ಪಾಲೆಷ್ಟು ಎಂದು ಹೇಳುವ ಬಗೆ ಅದು.

ಆತ್ಮಕಥನ ಅಂದಾಗ ಇನ್ನೊಂದು. 1930ರಿಂದ, ಕಾರ್ಲ್ ಮರ್ಚಿಸನ್ ಶುರುಮಾಡಿದ ಮಾಲೆಯೊಂದರಲ್ಲಿ, ಮನೋವಿಜ್ಞಾನಿಗಳು ತಮ್ಮ ವಿಚಾರ ಹೇಗೆ ಬೆಳೆಯಿತು ಎಂದು ತಾವೇ ಬರೆದಿಟ್ಟಿದ್ದಾರೆ. ನಿವೃತ್ತರಾದ ನಮ್ಮ ಮೇಷ್ಟ್ರುಗಳನ್ನು ಎದುರು ಕೂರಿಸಿಕೊಂಡು ಧ್ವನಿಮುದ್ರಣ ಮಾಡಿದರೂ ಅದೇ ಕೆಲಸ ಆಗುತ್ತದೆ. ‘ನಿಮ್ಮ ಸಂದೇಶವೇನು’ ಎಂದು ಕೇಳಬಾರದು. ಯಾವ ಪ್ರಶ್ನೆಯನ್ನು ಪರೀಕ್ಷೆಯಿಂದ ತೆಗೆದುಹಾಕಿದಿರಿ, ಯಾಕೆ, ಆ ಮಕ್ಕಳು ಯಾವ ಶಾಲೆಯವರು, ಲೆಕ್ಕ ಹಾಕಿದವರು ಯಾರು, ಇಂಗ್ಲಿಷಿನ ಯಾವ ಪದಕ್ಕೆ ಕನ್ನಡ ಸಿಗದೆ ಒದ್ದಾಡಿದಿರಿ ಎಂದು ಕೇಳಬೇಕು. ಒಂದೂವರೆ ಗಂಟೆಗಿಂತ ಹೆಚ್ಚು ಒಂದೇ ಸಲ ಬೇಡ. ಹಳೆಯ ಫೋಟೊ, ಪರೀಕ್ಷೆಯ ಪೆಟ್ಟಿಗೆ ಏನಾದರೂ ಕೈಯಲ್ಲಿ ಕೊಟ್ಟರೆ ನೆನಪು ತಾನಾಗಿ ಬರುತ್ತದೆ.

ಅವರು ಹೋದ ಮೇಲೆ ಮನೆಯವರು ಅಟ್ಟ ಖಾಲಿ ಮಾಡುವ ಮುಂಚೆ ಯಾರಾದರೂ ಒಬ್ಬ ಶಿಷ್ಯರು ಹೋಗಿ ನೋಡಲಿ. ಪುಸ್ತಕಗಳು ಹೇಗೂ ಗ್ರಂಥಾಲಯದಲ್ಲಿ ಇರುತ್ತವೆ. ಬೇಕಾದದ್ದು ಪರೀಕ್ಷೆಯ ಕೈಪಿಡಿಯ ಮೊದಲ ಕರಡು, ವಯಸ್ಸಿಗೆ ತಕ್ಕ ಅಂಕಗಳ ಕೋಷ್ಟಕ, ಉಪಕರಣದ ನಕ್ಷೆ, ಪತ್ರಗಳು, ಮತ್ತು ಮಕ್ಕಳು ತುಂಬಿದ ಉತ್ತರದ ಹಾಳೆಗಳು. ಆ ಹಾಳೆಗಳ ಮೇಲೆ ಹೆಸರು, ಊರು, ಐಕ್ಯೂ ಎಲ್ಲ ಇರುತ್ತದೆ. ಈಗ ಮುದುಕರಾಗಿರುವ ಆ ಮಕ್ಕಳ ಗುಟ್ಟು ಅದು. ಹಾಗಾಗಿ ಇಡೀ ಕಟ್ಟನ್ನು ಸುಡುವುದೇ ಸುರಕ್ಷಿತ ಅಂತ ಅನಿಸುತ್ತದೆ. ಸುಡಬೇಡಿ. ಹೆಸರಿನ ಜಾಗಕ್ಕೆ ಕಾಗದದ ಪಟ್ಟಿ ಇಟ್ಟು ಸ್ಕ್ಯಾನ್ ಮಾಡಿ, ಪ್ರತಿ ಹಾಳೆಗೂ ಒಂದು ಸಂಖ್ಯೆ ಕೊಡಿ, ಹುಡುಗನೋ ಹುಡುಗಿಯೋ, ವಯಸ್ಸು, ತರಗತಿ, ಮನೆಮಾತು ಇಷ್ಟನ್ನು ಮಾತ್ರ ಉಳಿಸಿಕೊಳ್ಳಿ. ಸಂಖ್ಯೆಗೂ ಹೆಸರಿಗೂ ನಂಟು ಹೇಳುವ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿ ಮುಚ್ಚಿ, ಮೂಲ ಹಾಳೆಗಳ ಜೊತೆಗಲ್ಲ, ಬೇರೆ ಬೀರುವಿನಲ್ಲಿ ಇಡಿ.