ಮೊಜಾರ್ಟ್ ಕೇಳಿಸಿದರೆ ಮಗುವಿನ ಐಕ್ಯೂ (ಬುದ್ಧಿಮತ್ತೆಯ ಅಂಕ) ಏರುತ್ತದಾ? ಒಂದು ಸ್ಪಷ್ಟನೆ

"ಮೂರು ವರ್ಷದೊಳಗೆ ಸಂಗೀತ ಕ್ಲಾಸಿಗೆ ಸೇರಿಸಿ, ಮೊಜಾರ್ಟ್ ಕೇಳಿಸಿ, ಬುದ್ಧಿ ಜಾಸ್ತಿಯಾಗುವುದು ಸಾಬೀತಾಗಿದೆ" ಎಂಬ ಮೆಸೇಜ್ ಮಂಗಳೂರು, ಉಡುಪಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. (ಮೊಜಾರ್ಟ್ ಅಂದರೆ 18ನೇ ಶತಮಾನದ ಯುರೋಪಿನ ಹೆಸರಾಂತ ಸಂಗೀತ ರಚನಕಾರ.) ಹಾಗೇನೂ ಸಾಬೀತಾಗಿಲ್ಲ.

ಈ ಮಾತು ಹುಟ್ಟಿದ್ದು 1993ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿಯಿಂದ. ಅದರಲ್ಲಿ ಶಿಶುಗಳೇ ಇರಲಿಲ್ಲ! ಕ್ಯಾಲಿಫೋರ್ನಿಯಾದ 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ಕೇಳಿದರು, ಮಡಚಿ ಕತ್ತರಿಸಿದ ಕಾಗದ ಬಿಡಿಸಿದಾಗ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳಿಗೆ ಸ್ವಲ್ಪ ಚೆನ್ನಾಗಿ ಉತ್ತರಿಸಿದರು, ಆ ಚುರುಕು 10–15 ನಿಮಿಷದಲ್ಲಿ ಇಳಿದೂ ಹೋಯಿತು. ಆದರೂ ಇದನ್ನೇ ನಂಬಿ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಕ್ಕಳಿಗೆಲ್ಲ ಸಂಗೀತದ ಸಿಡಿ ಹಂಚಲು ಸರ್ಕಾರಿ ದುಡ್ಡು ಕೇಳಿದ್ದರು, ನೋಡಿ!

ಕ್ಲಾಸಿನ ಕಥೆ ಬೇರೆ. 2004ರ ಕೆನಡಾ ಅಧ್ಯಯನದಲ್ಲಿ ಒಂದು ವರ್ಷ ಸಂಗೀತ ಕಲಿತ ಆರು ವರ್ಷದ ಮಕ್ಕಳ ಐಕ್ಯೂ, ಕಲಿಯದವರಿಗಿಂತ ಎರಡು–ಮೂರು ಅಂಕ ಹೆಚ್ಚು ಏರಿತ್ತು. 2013ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ ಮಕ್ಕಳಲ್ಲಿ ನೋಡಿದಾಗ ಅಂಥ ಲಾಭ ಕಾಣಲಿಲ್ಲ.

ಹಾಗಂತ ಸಂಗೀತ ದಂಡ ಅಲ್ಲ. ಅಜ್ಜಿಯ ಮಡಿಲಲ್ಲಿ ಕೂತು ಭಜನೆಗೆ ಚಪ್ಪಾಳೆ ತಟ್ಟುವ ಮಗು ತಾಳ ಹಿಡಿಯಲು ಕಲಿಯುತ್ತದೆ, ಖುಷಿಪಡುತ್ತದೆ, ಅಷ್ಟು ಸಾಕಲ್ವಾ? (ಯಕ್ಷಗಾನಕ್ಕೆ ಕರೆದೊಯ್ದರೆ ಚೆಂಡೆಯಿಂದ ದೂರ ಕೂರಿಸಿ, ಎಳೆ ಕಿವಿ.) ಕ್ಲಾಸಿಗೂ ಸೇರಿಸಿ, ಆದರೆ "ಐಕ್ಯೂ ಗ್ಯಾರಂಟಿ" ಎಂದು ಹೆಚ್ಚು ಫೀಸು ಕೇಳಿದರೆ ಸುಮ್ನೆ ಎದ್ದು ಬನ್ನಿ.